ಯೀರೋಸ್ ಎನ್ನಿ, ಆದರೆ ತಂದವರನ್ನು ಮರೆಯಬೇಡಿ

ಗ್ರೀಸಿನಲ್ಲಿ ಯೀರೋಸ್ ಎಂಬ ಮಾಂಸದ ತಿನಿಸು ತಿನ್ನುವ ಪ್ರವಾಸಿಗೆ ಅದರ ಜೊತೆ ಒಂದು ಕಥೆಯೂ ಸಿಗುತ್ತದೆ. ಅಲೆಕ್ಸಾಂಡರನ ಸೈನಿಕರು ಕತ್ತಿಗೆ ಮಾಂಸ ಚುಚ್ಚಿ ಬೆಂಕಿಯ ಮೇಲೆ ತಿರುಗಿಸುತ್ತಿದ್ದರಂತೆ, ಅದೇ ಇದಂತೆ. ಹಡಗಿನ ಅಡುಗೆಯವನಾಗಿ ದುಡಿದ ನನಗೆ ಇದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಸಾವಿರಾರು ವರ್ಷ ಹಿಂದಕ್ಕೆ ಜಿಗಿಯುವ ಭರದಲ್ಲಿ ಆ ಕಥೆ ನಿಜವಾಗಿ ಈ ಅಡುಗೆಯನ್ನು ತಂದವರನ್ನೇ ದಾಟಿಬಿಡುತ್ತದೆ.

ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ಗ್ರೀಕರಿಗೆ ಹಳೆಯದೇ, ಅದನ್ನು ಒಪ್ಪುತ್ತೇನೆ. ಯೀರೋಸ್ ಬೇರೆಯೇ ಕಸುಬು. ತೆಳ್ಳಗೆ ಕೊಯ್ದ ಮಾಂಸವನ್ನು ನೆಟ್ಟಗೆ ನಿಂತ ಸಲಾಕೆಗೆ ಒಂದರ ಮೇಲೊಂದು ಪೋಣಿಸಿ, ನಡುನಡುವೆ ಕೊಬ್ಬು ಇಟ್ಟು, ಪಕ್ಕದ ಬೆಂಕಿಗೆ ತಿರುಗಿಸಬೇಕು. ಮೇಲಿನ ಕೊಬ್ಬು ಕರಗಿ ಕೆಳಗಿನ ಪದರಗಳಿಗೆ ಇಳಿಯುತ್ತದೆ. ಹೊರಮೈ ಎಷ್ಟು ಕೆಂಪಾಗಿದೆಯೋ ಅಷ್ಟನ್ನೇ ಉದ್ದನೆಯ ಚಾಕುವಿನಿಂದ ಹೆರೆಯಬೇಕು. ಅವಸರ ಮಾಡಿದರೆ ಹಸಿ ಮಾಂಸ ಕೈಗೆ ಬರುತ್ತದೆ. ಅಥೆನ್ಸಿನ ಪಿರೇಯಸ್ ಬಂದರಿನ ಒಬ್ಬ ಮುದುಕ, ಗಿರಾಕಿಗಳು ಎಷ್ಟು ಗೊಣಗಿದರೂ ಚಾಕು ಮುಟ್ಟದೆ ಮಾಂಸವನ್ನೇ ನೋಡುತ್ತ ನಿಲ್ಲುತ್ತಿದ್ದ. ಗಲ್ಫ್‌ ದಾರಿಯಲ್ಲಿ ಮಂಗಳೂರಿಗೆ ಬಂದ ಶವರ್ಮವೂ ಇದೇ ಮನೆತನದ್ದು. ಈ ವಿದ್ಯೆ ಒಟ್ಟೋಮನ್ ನಾಡಿನದು. 1855ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಅಲ್ಲಿ ತೆಗೆದ ಫೋಟೊದಲ್ಲಿ ಆ ನಿಂತ ಸಲಾಕೆ ಸ್ಪಷ್ಟವಾಗಿದೆ.

ಅದನ್ನು ಗ್ರೀಸಿಗೆ ತಂದವರು ನಿರಾಶ್ರಿತರು. 1922ರಲ್ಲಿ ಅನಾತೋಲಿಯಾದ, ಅಂದರೆ ಇಂದಿನ ತುರ್ಕಿಯ, ಸ್ಮಿರ್ನಾ ನಗರ ಹೊತ್ತಿ ಉರಿಯಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿಯ ನಡುವೆ ಜನವಿನಿಮಯದ ಒಪ್ಪಂದವಾಯಿತು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಅನಾತೋಲಿಯಾ ಕಳೆದುಕೊಂಡರು, ಸುಮಾರು 4 ಲಕ್ಷ ಮುಸ್ಲಿಮರು ಗ್ರೀಸನ್ನು ಕಳೆದುಕೊಂಡರು. ಗ್ರೀಸಿಗೆ ಬಂದವರಲ್ಲಿ ತುರ್ಕಿ ಮಾತು ಬಿಟ್ಟು ಬೇರೆ ಬಾರದವರೂ ಇದ್ದರು. ಪಿರೇಯಸ್‌ನ ಪಕ್ಕದ ಕೊಕ್ಕಿನಿಯಾದಂಥ ಕಡೆ ಸೂರು ಕಟ್ಟಿಕೊಂಡ ಈ ಜನ, ಅವರಂತೆಯೇ ಓಡಿಬಂದ ಅರ್ಮೇನಿಯನ್ನರು, ಗೊತ್ತಿದ್ದ ಅಡುಗೆಯನ್ನೇ ನಂಬಿ ಬದುಕಿದರು.

ಆಮೇಲೆ ದಶಕಗಳ ಕಾಲ ಗ್ರೀಕರೂ ಅದನ್ನು ತುರ್ಕಿ ಹೆಸರಿನಿಂದ ದೊನೇರ್ ಎಂದೇ ಕರೆದರು. 1974ರಲ್ಲಿ ತುರ್ಕಿ ಸೇನೆ ಸೈಪ್ರಸ್‌ಗೆ ನುಗ್ಗಿದ ಮೇಲೆ ಟರ್ಕಿಶ್ ಕಾಫಿ ಗ್ರೀಕ್ ಕಾಫಿಯಾಯಿತು; ದೊನೇರ್ ಹೋಗಿ, ‘ತಿರುಗುವುದು’ ಎಂಬ ಅದೇ ಅರ್ಥದ ಯೀರೋಸ್ ಗಟ್ಟಿಯಾಗಿ ಕೂತಿತು. ಸೈಪ್ರಸ್‌ನಲ್ಲಿ ಮನೆಮಠ ಕಳೆದುಕೊಂಡವರ ನೋವಿನ ಮುಂದೆ, ಹೆಸರು ಬದಲಿಸಿದ ಆ ಸಿಟ್ಟನ್ನು ತಪ್ಪೆನ್ನಲಾರೆ. ಅಡುಗೆಯೂ ಅಲ್ಲಿಯದೇ ಆಗಿಹೋಗಿದೆ: ಹೆಚ್ಚಾಗಿ ಹಂದಿಮಾಂಸ, ಎಣ್ಣೆ ಸವರಿ ಕಾಯಿಸಿದ ಪಿಟಾ ರೊಟ್ಟಿ, ಜಾಜಿಕಿ ಎಂಬ ಮೊಸರು-ಸೌತೆಯ ಚಟ್ನಿ, ಪಿಟಾದೊಳಗೇ ತುರುಕಿದ ಆಲೂ ಫ್ರೈ. ಇಸ್ತಾಂಬುಲ್‌ನಲ್ಲಿ ಕುರಿ, ದನ ಅಥವಾ ಕೋಳಿ, ಬ್ರೆಡ್ ಇಲ್ಲವೇ ತೆಳು ರೊಟ್ಟಿ, ಪಕ್ಕದಲ್ಲಿ ಮಜ್ಜಿಗೆಯಂಥ ಐರಾನ್.

ಹೆಸರು ಬೇರೆಯಾಗುವುದರಿಂದ ಏನೂ ಕೆಡುವುದಿಲ್ಲ. ಅಥೆನ್ಸಿನಲ್ಲಿ ಸುವ್ಲಾಕಿ ಎಂದರೆ ಪಿಟಾದಲ್ಲಿ ಸುತ್ತಿದ್ದು, ಕಡ್ಡಿಯ ಮಾಂಸಕ್ಕೆ ಕಲಮಾಕಿ. ಥೆಸಲೊನಿಕಿಯಲ್ಲಿ ಕಡ್ಡಿಯ ಮಾಂಸವೇ ಸುವ್ಲಾಕಿ; ಕಲಮಾಕಿ ಕೇಳಿದರೆ ಜ್ಯೂಸ್ ಕುಡಿಯುವ ಸ್ಟ್ರಾ ಕೊಡುತ್ತೇವೆ ಎಂದು ನಗುತ್ತಾರೆ. ಈ ಜಗಳದಲ್ಲಿ ಯಾರ ಅಜ್ಜಿಯೂ ಕಾಣೆಯಾಗುವುದಿಲ್ಲ.

ತುರ್ಕಿಯ ಕಡೆಯ ಹಟವೂ ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ದೊನೇರ್ ಒಕ್ಕೂಟ 2022ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಅರ್ಜಿ ಹಾಕಿ, ಯಾವ ಮಾಂಸ, ಎಷ್ಟು ದಪ್ಪದ ತುಂಡು ಎಂಬುದನ್ನೆಲ್ಲ ಯುರೋಪಿನುದ್ದಕ್ಕೂ ಕಟ್ಟುಪಾಡು ಮಾಡಲು ಹೊರಟಿತ್ತು. ಜರ್ಮನಿ ವಿರೋಧಿಸಿತು, 2025ರಲ್ಲಿ ಅರ್ಜಿ ವಾಪಸಾಯಿತು. ಒಳ್ಳೆಯದೇ ಆಯಿತು. ಬರ್ಲಿನ್‌ಗೆ ದುಡಿಯಲು ಹೋದ ತುರ್ಕಿ ಕಾರ್ಮಿಕರು ಅಲ್ಲಿನ ಗಿರಾಕಿಗೆ ತಕ್ಕಂತೆ ಮಾಡಿಕೊಂಡದ್ದನ್ನು ನಕಲಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಗ್ರೀಸಿನ ಪ್ರವಾಸೋದ್ಯಮದವರಲ್ಲಿ, ಅಂಗಡಿ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ಬೋರ್ಡಿನ ಮೇಲೆ ಯೀರೋಸ್ ಎಂದೇ ಇರಲಿ. ಅದರ ಚರಿತ್ರೆ ಹೇಳುವಾಗ ಅಲೆಕ್ಸಾಂಡರನಿಗೆ ಕೊಡುವ ಎರಡು ಸಾಲನ್ನು ಸ್ಮಿರ್ನಾದಿಂದ ಉಟ್ಟಬಟ್ಟೆಯಲ್ಲಿ ಬಂದಿಳಿದವರಿಗೆ ಕೊಡಲಿ, 1922 ಎಂಬ ಇಸವಿಯನ್ನೂ ಸೇರಿಸಿ.