ತೀರ್ಪು ಬಂತು, ಪರಿಹಾರದ ಹಣ ಎಲ್ಲಿ?

ಕೋರ್ಟಿನ ಅಮೀನರು ಉಪವಿಭಾಗಾಧಿಕಾರಿಗಳ ಕಚೇರಿಗೆ ಬಂದು ಕುರ್ಚಿ, ಮೇಜು, ಕಂಪ್ಯೂಟರು, ಜೀಪುಗಳನ್ನು ಜಪ್ತಿ ಮಾಡಿದರೆಂಬ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಆಗಾಗ್ಗೆ ಬರುತ್ತದೆ. ಓದಿದವರಿಗೆ ಅದೊಂದು ತಮಾಷೆ. ಆದರೆ ಕೆರೆಗೋ ಕಾಲುವೆಗೋ ರಸ್ತೆಗೋ ಭೂಮಿ ಬಿಟ್ಟುಕೊಟ್ಟು, ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದು ಗೆದ್ದು, ಆಮೇಲೂ ಹಣ ಕಾಣದ ರೈತನ ಪಾಡು ಅದರ ಹಿಂದೆ ಇರುತ್ತದೆ.

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ನಮ್ಮಲ್ಲಿದೆ. ಭಾರತದ ದಾವೆದಾರನ ಕಷ್ಟ ಆರಂಭವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಹೇಳಿತ್ತು. ಒಂದೂವರೆ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ. ಡಿಕ್ರಿ ಜಾರಿಯ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2025ರ ಮಾರ್ಚಿಯಲ್ಲಿ ಮತ್ತೆ ಎಚ್ಚರಿಸಿ, ಎಲ್ಲ ಹೈಕೋರ್ಟುಗಳಿಂದ ಲೆಕ್ಕ ಕೇಳಿತು. ಅದೇ ಅಕ್ಟೋಬರಿನಲ್ಲಿ ಲೆಕ್ಕ ನೋಡಿದಾಗ ಆರು ತಿಂಗಳಲ್ಲಿ 3.38 ಲಕ್ಷ ಅರ್ಜಿಗಳು ಮುಗಿದಿದ್ದವು, 8.82 ಲಕ್ಷ ಇನ್ನೂ ಬಾಕಿ ಇದ್ದವು. ಕರ್ನಾಟಕದ ಲೆಕ್ಕ ಆ ಹೊತ್ತಿಗೆ ಅಲ್ಲಿಗೆ ತಲುಪಿರಲಿಲ್ಲ. ಈ ಅರ್ಜಿಗಳೆಲ್ಲ ಭೂಪರಿಹಾರದವಲ್ಲ, ನಿಜ. ಆದರೆ ಸಾಲಗಾರ ಸರ್ಕಾರವೇ ಆದಾಗ ವಸೂಲಿ ಎಷ್ಟು ಕಷ್ಟ ಎಂಬುದನ್ನು ಭೂಮಿ ಕಳೆದುಕೊಂಡವರು ಬಲ್ಲರು.

ಬಡ್ಡಿಯ ಲೆಕ್ಕ

ಕೋರ್ಟು ಹೆಚ್ಚಿಸಿದ ಪರಿಹಾರಕ್ಕೆ, ಸರ್ಕಾರ ಭೂಮಿಯನ್ನು ವಶಕ್ಕೆ ಪಡೆದ ದಿನದಿಂದ ಮೊದಲ ವರ್ಷ ಶೇ. 9, ಅಲ್ಲಿಂದ ಮುಂದೆ ಶೇ. 15ರಂತೆ ಬಡ್ಡಿ ಕೊಡಿಸಲು 1894ರ ಭೂಸ್ವಾಧೀನ ಕಾಯಿದೆಯಲ್ಲಿ ಅವಕಾಶವಿತ್ತು. 2014ರಿಂದ ಜಾರಿಯಲ್ಲಿರುವ 2013ರ ಕಾಯಿದೆಯಲ್ಲೂ ಇದೆ. ಹೆಚ್ಚಿಸಿದ ಮೊತ್ತ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಬಡ್ಡಿಯೇ 6.90 ಲಕ್ಷ. ಈಗ ಸರ್ಕಾರ ಕೋರ್ಟಿಗೆ 6.90 ಲಕ್ಷ ಕಟ್ಟಿತು ಎನ್ನೋಣ. ಡಿಕ್ರಿಯಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ ಕಟ್ಟಿದ ಹಣ ಮೊದಲು ಬಡ್ಡಿಗೆ ಮತ್ತು ಖರ್ಚಿಗೆ, ಉಳಿದರೆ ಅಸಲಿಗೆ ಜಮೆಯಾಗಬೇಕು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2006ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಂದರೆ 10 ಲಕ್ಷ ಅಸಲು ಹಾಗೆಯೇ ನಿಂತು ಬಡ್ಡಿ ಬೆಳೆಯುತ್ತದೆ. ಅದನ್ನು ಅಸಲಿಗೆ ಮುರಿದುಕೊಂಡರೆ ಬಡ್ಡಿ ಬೆಳೆಯುವ ಬಾಕಿ 3.10 ಲಕ್ಷಕ್ಕೆ ಇಳಿದು ರೈತನಿಗೆ ನಷ್ಟ. ಆದ್ದರಿಂದ ಲೆಕ್ಕದ ಪಟ್ಟಿಯನ್ನು ವಕೀಲರ ಕೈಯಲ್ಲಿ ಬಿಟ್ಟು ಸುಮ್ಮನಿರದೆ, ಓದುಬಲ್ಲ ಮಕ್ಕಳಿಂದ ಒಮ್ಮೆ ಓದಿಸಿ ನೋಡುವುದು ಒಳ್ಳೆಯದು.

ಬಡ್ಡಿ ಬರುತ್ತದಲ್ಲ, ತಡವಾದರೇನು ಎನ್ನುವವರಿದ್ದಾರೆ. ಪರಿಹಾರದ ಹಣದಿಂದ ರೈತ ಬೇರೆ ಜಮೀನು ಕೊಳ್ಳಬೇಕು. ಅವನು ಕಾಯುವಷ್ಟು ಕಾಲ ಜಮೀನಿನ ಬೆಲೆ ಕಾಯುವುದಿಲ್ಲ. ಆ ಬಡ್ಡಿಯೂ ಯಾವ ಅಧಿಕಾರಿಯ ಸಂಬಳದಿಂದ ಬರುವುದಲ್ಲ, ಜನರ ತೆರಿಗೆಯಿಂದ ಬರುವಂಥದು.

ರೈತರು ತಿಳಿದಿರಬೇಕಾದದ್ದು

ತೀರ್ಪು ಬಂದರೆ ಹಣ ತಾನಾಗಿ ಬರುವುದಿಲ್ಲ. ಜಾರಿ ಅರ್ಜಿ ಹಾಕಲೇಬೇಕು. ಸರ್ಕಾರದ ವಿರುದ್ಧವಾದರೆ ಡಿಕ್ರಿಯಾಗಿ ಮೂರು ತಿಂಗಳು ಕಳೆಯಬೇಕು. ಒಟ್ಟು ವಾಯಿದೆ 12 ವರ್ಷ. ಅದು ಮೀರಿದರೆ ಗೆದ್ದ ತೀರ್ಪೂ ಕಾಗದವಾಗಿಯೇ ಉಳಿಯುತ್ತದೆ.

ಸರ್ಕಾರ ಮೇಲ್ಮನವಿ ಹಾಕಿದೆ ಎಂದ ಮಾತ್ರಕ್ಕೆ ಜಾರಿ ನಿಲ್ಲುವುದಿಲ್ಲ. ಮೇಲಿನ ಕೋರ್ಟು ತಡೆಯಾಜ್ಞೆ ಕೊಟ್ಟಿರಬೇಕು. ತಡೆ ಕೇಳಿದಾಗ, ಹಣವನ್ನು ಕೋರ್ಟಿನಲ್ಲಿ ಠೇವಣಿ ಇಡಿಸಬೇಕೆಂದು ರೈತನ ಪರವಾಗಿ ಕೇಳಬಹುದು.

ಗೆದ್ದವರು ತೀರಿಕೊಂಡಿದ್ದರೆ ಡಿಕ್ರಿ ಸಾಯುವುದಿಲ್ಲ. ವಾರಸುದಾರರು ಜಾರಿ ಮುಂದುವರಿಸಬಹುದು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀ ಗೊತ್ತುಮಾಡಿಕೊಳ್ಳುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಂತೆ ಸಲ್ಲದು. ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ಹಣ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಜಮೆಯಾಗಲೆಂದು ಕೋರ್ಟನ್ನು ಕೇಳಿರಿ.

ಮುಂದಿನ ಮುಳುಗಡೆ

ಈ ಮಾತು ಕೃಷ್ಣಾ ತೀರದವರಿಗೆ ಈಗ ಹೆಚ್ಚು ಸಲ್ಲುತ್ತದೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತದ ಯೋಜನೆಯಲ್ಲಿ 75,563 ಎಕರೆ ಮುಳುಗಲಿದೆ. ಒಪ್ಪಿಗೆ ಕೊಡುವವರಿಗೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಕೋರ್ಟಿನ ಅಲೆದಾಟ ತಪ್ಪಿಸುವುದೇ ಇದರ ಉದ್ದೇಶ. ಒಪ್ಪಿಗೆಗೆ ರುಜು ಹಾಕಿದ ಮೇಲೆ ದರ ಸಾಲದೆಂದು ಕೋರ್ಟಿಗೆ ಹೋಗಲು ಬಾರದು. ಹಾಗಾಗಿ ರುಜು ಹಾಕುವ ಮೊದಲು ದರದಷ್ಟೇ ಮುಖ್ಯವಾಗಿ ಕೇಳಬೇಕಾದದ್ದು, ಹಣ ಯಾವ ದಿನ ಕೈಸೇರುತ್ತದೆ ಎಂಬುದು.

ಸರ್ಕಾರವೂ ತನ್ನ ಕೆಲಸ ಮಾಡಬೇಕು. ಡಿಕ್ರಿಯಾದ ಮೂರು ತಿಂಗಳೊಳಗೆ ಮೇಲ್ಮನವಿಯೋ ಪಾವತಿಯೋ ಎಂದು ನಿರ್ಧರಿಸಿ, ಪಾವತಿಗೆ ಬೇಕಾದ ಹಣವನ್ನು ಪ್ರತಿ ವರ್ಷದ ಆಯವ್ಯಯದಲ್ಲಿ ಬೇರೆಯಾಗಿ ತೆಗೆದಿಡಲಿ. ಕಚೇರಿಯ ಹಳೆಯ ಕುರ್ಚಿಗಳನ್ನು ಹರಾಜು ಹಾಕಿದರೆ ಯಾವ ರೈತನ ಬಾಕಿಯೂ ತೀರದು. ಜಮೀನು ಪಡೆಯುವಾಗ ಇದ್ದ ಆತುರ ಹಣ ಕೊಡುವಾಗಲೂ ಇದ್ದರೆ ಅಮೀನರಿಗೆ ಆ ಕಚೇರಿಗಳಲ್ಲಿ ಕೆಲಸವಿರುವುದಿಲ್ಲ.