ಕಾಡಿನ ಗೇಟಿಗೆ ಯಾಕಿಷ್ಟು ಅವಸರ?

‘ಒಂದು ಚೆಕ್‌ಪೋಸ್ಟ್ ರಿಪೇರಿಗೆ ಎಂಥ ಪರಿಸರ ಪರಿಶೀಲನೆ ಸ್ವಾಮಿ? ಅರ್ಧ ಎಕರೆ ಜಾಗ ಕೂಡ ಇಲ್ಲ’ ಎಂದು ರಸ್ತೆ ಕೆಲಸ ಬಲ್ಲ ಪರಿಚಿತರೊಬ್ಬರು ಈ ವಾರ ನನಗೆ ಬುದ್ಧಿ ಹೇಳಿದರು. ಮಾತು ಎದ್ದದ್ದು ಬಂಡೀಪುರದ ಗಡಿ ಗೇಟುಗಳ ಬಗ್ಗೆ. ಹಸಿರು ಶುಲ್ಕವನ್ನು ಫಾಸ್ಟ್ಯಾಗ್‌ನಲ್ಲೇ ಮುರಿದುಕೊಳ್ಳಿ, ಕ್ಯಾಮೆರಾ ಹಾಕಿ, ಸಾಲು ಕರಗಿಸಿ, ಗಾಡಿಗಳನ್ನು ನಿಲ್ಲಿಸದೆ ಬಿಡಿ ಎಂಬ ವಾದ ಅವರದು. ಇದರ ಬೆನ್ನಿಗೇ ರಾತ್ರಿ ಸಂಚಾರ ನಿಷೇಧ ತೆಗೆಯಿರಿ ಎಂಬ ಹಳೆಯ ರಾಗವೂ ಬಂತು. ಫಾಸ್ಟ್ಯಾಗ್ ಮೇಲೆ ನನಗೇನೂ ದ್ವೇಷವಿಲ್ಲ. ನನ್ನನ್ನು ಕೆರಳಿಸಿದ್ದು ಆ ‘ಅರ್ಧ ಎಕರೆ’.

ನಿಷೇಧದ ಕಥೆ ಓದುಗರಿಗೆ ಗೊತ್ತಿರುವುದೇ. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಹೆದ್ದಾರಿಗಳನ್ನು ಮುಚ್ಚಿಸಿದರು, ಒತ್ತಡ ಬಂದು ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು, ಹೈಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದು 2010ರ ಮಾರ್ಚ್‌ನಲ್ಲಿ ಗಟ್ಟಿಮಾಡಿತು. ಆಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿನದು. ಕೇರಳದ ಕಡೆಗೆ ಹೋಗುವ ಹೆದ್ದಾರಿ 766ರಲ್ಲಿ ಕಾಡಿನ ಬಾಯಿಗೆ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಗೇಟು, ರಾಜ್ಯದ ಅಂಚಿಗೆ ಮೂಲೆಹೊಳೆ. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಮತ್ತು ಕೆಕ್ಕನಹಳ್ಳ. ನಾಲ್ಕೂ ಗೇಟಿನ ಹೆಸರು ಬರೆದದ್ದಕ್ಕೆ ಕಾರಣವಿದೆ, ಆಮೇಲೆ ಬರುತ್ತೇನೆ.

ಮೊದಲು ಕಾನೂನು. ನಮ್ಮ ಪರಿಸರ ಪರಿಶೀಲನೆ ನಿಂತಿರುವುದು 2006ರ ಸೆಪ್ಟೆಂಬರ್ ಅಧಿಸೂಚನೆಯ ಮೇಲೆ. ಅದಕ್ಕೆ ಗೊತ್ತಿರುವುದು ಚದರ ಮೀಟರು ಮತ್ತು ಕಿಲೋಮೀಟರು. ಕಟ್ಟಡ 20,000 ಚದರ ಮೀಟರ್ ಮುಟ್ಟದಿದ್ದರೆ ಪೂರ್ವಾನುಮತಿ ಬೇಡ. ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿ.ಮೀ. ದಾಟದಿದ್ದರೆ ಅದೂ ಬೇಡ. ಇದು 2013ರ ತಿದ್ದುಪಡಿ. 2022ರ ಜುಲೈನಲ್ಲಿ ದೇಶದ ಗಡಿಯಿಂದ 100 ಕಿ.ಮೀ. ಒಳಗಿನ ಆಯಕಟ್ಟಿನ ಹೆದ್ದಾರಿಗಳನ್ನೇ ಕೈಬಿಟ್ಟರು. 2023ರ ಅರಣ್ಯ ಕಾಯ್ದೆ ತಿದ್ದುಪಡಿಯಲ್ಲಿ ರಸ್ತೆ ಬದಿಯ ಸೌಕರ್ಯದ ದಾರಿಗೆಂದು 0.10 ಹೆಕ್ಟೇರಿನ ವಿನಾಯಿತಿಯೂ ಬಂತು. ಹುಲಿ ಸಂರಕ್ಷಿತ ಪ್ರದೇಶದ ಹೊಸ ಜಾಗ ಬೇಕೆಂದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕೇ ಬೇಕು, ನಿಜ. ಆದರೆ ಇರುವ ಗೇಟಿನ ಜಾಗದಲ್ಲೇ ಯಂತ್ರ ಕೂರಿಸಿದರೆ? ನೆಲದ ಅಳತೆಯೊಂದನ್ನೇ ನೋಡುವವರಿಗೆ ಅಲ್ಲಿ ಕೇಳಲು ಏನೂ ಉಳಿಯುವುದಿಲ್ಲ.

ಗೇಟಿನ ಪರಿಣಾಮ ಇರುವುದು ಅದರ ಪಾಯದಲ್ಲಿ ಅಲ್ಲ, ಅದು ಆಳುವ ರಸ್ತೆಯಲ್ಲಿ. ಗಾಡಿ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬಿಟ್ಟ ಮೇಲೆ ಯಾವ ವೇಗದಲ್ಲಿ ಓಡುತ್ತದೆ, ಗಂಟೆಗೆ ಎಷ್ಟು ಗಾಡಿ ಒಳಗೆ ಬರುತ್ತವೆ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಅರ್ಧ ಎಕರೆ. ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಸಾನ್ ಇಸಿಡ್ರೊ ಗಡಿ ದ್ವಾರವನ್ನು ಹಿಗ್ಗಿಸುವಾಗ 2009ರಲ್ಲಿ ಪೂರ್ಣ ಪರಿಸರ ಪರಿಣಾಮ ವರದಿ ಬರೆಸಿದರು, ಯೋಜನೆ ಬದಲಾದಾಗ 2014ರಲ್ಲಿ ಪೂರಕ ವರದಿಯನ್ನೂ ತಂದರು. ವಾಹನ ದಟ್ಟಣೆ, ಹೊಗೆ, ಸದ್ದು ಅಂಥ ವರದಿಯ ಹೂರಣ. ಅಲ್ಲಿ ಇರುವುದು ಬರೀ ಊರು, ಕಾಂಕ್ರೀಟು. ಇಲ್ಲಿ ಗೇಟಿನ ಆಚೀಚೆ ಹುಲಿ, ಆನೆ ಓಡಾಡುವ ಕಾಡು, ನಮಗೆ ಒಂದು ಹಾಳೆಯೂ ಬೇಡವಂತೆ.

ಕೆಕ್ಕನಹಳ್ಳಕ್ಕೆ ಹೋಗಿ ನೋಡಿ. ತರಕಾರಿ ಲಾರಿಗಳು ಬಂದು ನಿಲ್ಲುತ್ತವೆ, ಆನೆಗಳು ಅದನ್ನು ಕಲಿತಿವೆ. ಕ್ಯಾರೆಟ್, ಕೋಸು ಸಿಗುವ ಜಾಗಕ್ಕೆ ಅವು ಬಂದೇ ಬರುತ್ತವೆ. 2025ರ ಆಗಸ್ಟ್‌ನಲ್ಲಿ ಆ ರಸ್ತೆಯಲ್ಲಿ ಆನೆಯ ಮುಂದೆ ಫೋಟೊಕ್ಕೆ ನಿಂತ ಪ್ರವಾಸಿಗನನ್ನು ಅದು ಕೆಡವಿ ತುಳಿದ ವಿಡಿಯೊ ದೇಶವೆಲ್ಲ ನೋಡಿತು. ಮನುಷ್ಯ ಬದುಕಿದ, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ದಂಡ ಸರಿ. ಆದರೆ ಆನೆಯನ್ನು ರಸ್ತೆಗೆ ಕರೆದದ್ದು ಅವನೊಬ್ಬನೇ ಅಲ್ಲ. ಕಾಡಿನ ನಡುವೆ ಗಾಡಿ ನಿಲ್ಲಿಸುವ ವ್ಯವಸ್ಥೆಯೂ ಕರೆದಿದೆ.

‘ಅದಕ್ಕೇ ಅಲ್ಲವೇ, ನಿಲ್ಲಿಸಬೇಡಿ ಅನ್ನೋದು’ ಎಂದರು ಪರಿಚಿತರು. ಅರ್ಧ ಮಾತ್ರ ಸರಿ. ನಿಲ್ಲುವ ಗಾಡಿ ಆನೆಯನ್ನು ಕೆಡಿಸುತ್ತದೆ, ನಿಲ್ಲದೆ ನುಗ್ಗುವ ಗಾಡಿ ಜಿಂಕೆಯನ್ನು ಕೊಲ್ಲುತ್ತದೆ. ಎರಡನ್ನೂ ಒಟ್ಟಿಗೆ ತೂಗುವ ಕೆಲಸಕ್ಕೇ ಪರಿಶೀಲನೆ ಎನ್ನುವುದು.

ನಮ್ಮ ತುಮಕೂರಿನವರಿಗೆ ಬಂಡೀಪುರದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಿಯಾರು. ಅವರನ್ನು ಒಂದು ಭಾನುವಾರ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ನಾಮದ ಚಿಲುಮೆ ದಾಟಿ ಬೆಟ್ಟದ ತಿರುವು ಶುರುವಾಗುತ್ತಿದ್ದಂತೆ ಕಾರುಗಳು ಎಲ್ಲೆಲ್ಲಿ ನಿಧಾನಿಸುತ್ತವೋ ಅಲ್ಲೆಲ್ಲ ಕೋತಿಗಳ ದಂಡು. ಬಾಳೆಹಣ್ಣು, ಬಿಸ್ಕತ್ತು, ಖಾರದ ಪೊಟ್ಟಣ. ಕೊಡುವವರಿಗೆ ಅದು ಪುಣ್ಯ. ಚಿರತೆ, ಕರಡಿ ಇರುವ ಕಾಡು ಇದು ಎಂಬ ನೆನಪು ಬೆಂಗಳೂರಿನಿಂದ ಎರಡು ಗಂಟೆಯಲ್ಲಿ ಬಂದಿಳಿದವರಿಗೆ ಇರುವುದಿಲ್ಲ. ಅಲ್ಲಿ ಎಸೆದದ್ದು ಅಲ್ಲೇ ಉಳಿಯುವುದೂ ಇಲ್ಲ. ಶಿಂಷಾ ಹುಟ್ಟುವುದು ಈ ಬೆಟ್ಟದಲ್ಲಿ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಅದು ಕಾವೇರಿ ಸೇರುತ್ತದೆ. ಜಯಮಂಗಲಿಯೂ ಇಲ್ಲಿಯದೇ, ಅದು ಕೊರಟಗೆರೆ, ಮಧುಗಿರಿಯ ಮೇಲೆ ಉತ್ತರ ಪಿನಾಕಿನಿಯ ಕಡೆಗೆ ಹೋಗುತ್ತದೆ. ಬೆಟ್ಟದ ಬುಡದಲ್ಲಿ ನಾಳೆ ಒಂದು ಗೇಟು, ಪಾರ್ಕಿಂಗು, ಅಂಗಡಿ ಸಾಲು ಎಂದು ಯಾರಾದರೂ ನಕ್ಷೆ ತಂದರೆ ಆಗಲೂ ಹೇಳುವ ಮಾತು ಇದೇ ಆಗಿರುತ್ತದೆ: ಅರ್ಧ ಎಕರೆ ತಾನೇ.

ಅರ್ಧ ಎಕರೆಯೂ ಬೇಡ, ಒಂದು ಕೊಂಬೆ ಸಾಕು. ನಮ್ಮ ನಾಗವಲ್ಲಿಯ ಸುತ್ತ ಕಾಡುಪಾಪಗಳಿವೆ. ಅಲ್ಲಿಯ ಶಾಲೆಯ ಮೇಷ್ಟರು, ಮಕ್ಕಳು ಅವುಗಳನ್ನು ವರ್ಷಗಟ್ಟಲೆ ಕಾದು ನೋಡಿ ಬರೆದಿಟ್ಟು ಊರಿನವರಿಗೆ ಪರಿಚಯ ಮಾಡಿಕೊಟ್ಟರು. ಅಪಶಕುನ ಎಂದು ಹೆದರುತ್ತಿದ್ದ ಪ್ರಾಣಿ ಅದು. ಕಾಡುಪಾಪ ಕೋತಿಯಂತೆ ಹಾರುವುದಿಲ್ಲ. ರಾತ್ರಿ ಹೊತ್ತು ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು, ಕಾಲಿಟ್ಟು, ಹಿಡಿತ ಸಿಕ್ಕ ಮೇಲೆ ಮುಂದೆ ಸಾಗುತ್ತದೆ. ರಸ್ತೆಯ ಎರಡು ಬದಿಯ ಹುಣಸೆ ಮರಗಳು ಮೇಲೆ ಕೈ ಕೂಡಿಸಿದ್ದರೆ ಅದಕ್ಕೆ ದಾರಿ ಉಂಟು. ರಸ್ತೆ ಅಗಲವಾಗಿ ಒಂದು ಬದಿಯ ಮರ ಹೋಯಿತೋ, ಆಚೆಯ ತೋಪು ಅದರ ಪಾಲಿಗೆ ಮುಗಿಯಿತು. ನೆಲಕ್ಕಿಳಿದರೆ ನಾಯಿ, ಟೈರು. ಯಾವ ರಸ್ತೆ ವರದಿಯ ಯಾವ ಪಟ್ಟಿಯಲ್ಲಿ ಆ ಕೊಂಬೆಗೆ ಜಾಗವಿದೆ? ಕಡಿದ ಮರಗಳ ಲೆಕ್ಕ ಇರುತ್ತದೆ, ಬದಲಿಗೆ ನೆಡುವ ಸಸಿಗಳ ಲೆಕ್ಕ ಇರುತ್ತದೆ. ಎರಡು ಮರ ಮೇಲೆ ಸೇರಿದ್ದವೇ ಎಂದು ಬರೆಯುವ ಕಲಂ ನಾನು ಕಂಡಿಲ್ಲ.

ಈಗ ನಾಲ್ಕು ಗೇಟುಗಳಿಗೆ ಮರಳುತ್ತೇನೆ. ಗುಂಡ್ಲುಪೇಟೆಯಲ್ಲಿ ಬೆಳಗಾಗುವುದನ್ನು ಕಾಯುತ್ತಿದ್ದ ಲಾರಿ ಚಾಲಕರೊಬ್ಬರನ್ನು ಹಿಂದೊಮ್ಮೆ ಮಾತಾಡಿಸಿದ್ದೆ. ನಿಷೇಧದ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ, ಮಲಗಲು ಜಾಗ, ಶೌಚಾಲಯ ಇಲ್ಲದ್ದಕ್ಕೆ ಇತ್ತು. ಆಧುನೀಕರಣ ಬೇಕಾಗಿರುವುದು ಅಲ್ಲಿ. ಶುಲ್ಕ, ತಪಾಸಣೆ, ಕಾಗದ ಎಲ್ಲವನ್ನೂ ಕಾಡಿನ ಹೊರಗೆ, ಮದ್ದೂರು ಮತ್ತು ಮೇಲುಕಾಮನಹಳ್ಳಿಗೂ ಮೊದಲೇ ಮುಗಿಸಿ. ಆಚೆ ಕಡೆಯಿಂದ ಬರುವವರದ್ದನ್ನು ಕೇರಳ, ತಮಿಳುನಾಡಿನೊಂದಿಗೆ ಮಾತಾಡಿ ಅವರ ಕಾಡಿನ ಹೊರಗೇ ಮುಗಿಸಿ. ಮೂಲೆಹೊಳೆ, ಕೆಕ್ಕನಹಳ್ಳದಲ್ಲಿ ಗಾಡಿಗಳ ಸಾಲು ನಿಲ್ಲಲೇಬಾರದು, ಚಾಲಕರಿಗೆ ತಂಗುವ ಜಾಗ ಊರಿನಲ್ಲಿರಲಿ. ಇನ್ನು ಆ ಕ್ಯಾಮೆರಾ. ನಾಗರಹೊಳೆಯಲ್ಲಿ ಗೇಟಿನವರು ವೇಳೆ ಬರೆದ ಚೀಟಿ ಕೊಡುತ್ತಾರೆ, ಕಾಡಿನಲ್ಲಿ ನಿಂತು ಕಾಲ ಕಳೆಯದಿರಲಿ ಎಂದು. ಅದನ್ನೇ ಇಲ್ಲಿ ಯಂತ್ರ ಮಾಡಲಿ. ಮದ್ದೂರಿನಿಂದ ಮೂಲೆಹೊಳೆಗೆ ಸುಮಾರು 20 ಕಿ.ಮೀ., ಗಂಟೆಗೆ 40ರಂತೆ ಅರ್ಧ ಗಂಟೆಯ ದಾರಿ. ಹದಿನೈದು ನಿಮಿಷಕ್ಕೆ ಬಂದವನ ಫಾಸ್ಟ್ಯಾಗ್‌ನಿಂದ ದಂಡ ತಾನಾಗಿ ಮುರಿಯಲಿ, ಒಂದೂವರೆ ಗಂಟೆ ತೆಗೆದುಕೊಂಡವನನ್ನು ಯಾಕೆಂದು ಕೇಳಲಿ. ಅಂಥ ಗೇಟಿಗೆ ನನ್ನ ಬೆಂಬಲವಿದೆ, ರಾತ್ರಿ ಬೀಗದ ಸಮೇತ.

ಅದಕ್ಕೂ ಮುನ್ನ ಪರಿಶೀಲನೆ ನಡೆಯಲಿ, ಗೇಟಿನ ಪಾಯದ್ದಲ್ಲ, ರಸ್ತೆಯದ್ದು. ಮಳೆಗಾಲದಲ್ಲೊಮ್ಮೆ, ನೀರಿಗಾಗಿ ಪ್ರಾಣಿಗಳು ಅಲೆಯುವ ಬೇಸಿಗೆಯಲ್ಲೊಮ್ಮೆ, ಓಣಂ ಮತ್ತು ದಸರೆಯ ದಟ್ಟಣೆಯಲ್ಲೊಮ್ಮೆ. ಇದ್ಯಾವುದನ್ನೂ ಮಾಡದೆ ‘ಪರಿಣಾಮ ಇಲ್ಲ’ ಎಂದು ಬರೆದು ಸಹಿ ಹಾಕುವ ಅಧಿಕಾರಿಯ ಹೆಸರನ್ನು ಹೊಸ ಗೇಟಿನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಮುಂದೆ ಆ ರಸ್ತೆಯಲ್ಲಿ ಒಂದು ಜೀವ ಸತ್ತು ಬಿದ್ದಾಗ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಜನರಿಗೆ ಗೊತ್ತಿರಲಿ.