ಯಾರ ಗಡಿಯಾರ ಯಜಮಾನ?

ಗೋಡೆಯ ಗಡಿಯಾರವು ಎರಡು ನಿಮಿಷ ಹಿಂದೆ ಬಿದ್ದರೆ ಸಂಸಾರವೇನೂ ಮುಳುಗುವುದಿಲ್ಲ. ಬಾಣಸವಾಡಿಯ ನಮ್ಮ ಬೀದಿಯ ಹತ್ತು ಮನೆಗಳು ಹತ್ತು ಹೊತ್ತನ್ನು ತೋರಿಸಿದರೂ ನೆರೆಹೊರೆಗೆ ಕೇಡಿಲ್ಲ. ಆದರೆ ಒಂದರೊಡನೊಂದು ಮಾತನಾಡುವ ಯಂತ್ರಗಳ ಸಂಗತಿ ಬೇರೆ. ಅವುಗಳ ಗಡಿಯಾರಗಳು ಹೊಂದದಿದ್ದರೆ ಮಾತೇ ಮುರಿದುಬೀಳುತ್ತದೆ. ಈ ಸಂಗತಿಗೆ ನಮ್ಮ ತಾಂತ್ರಿಕ ಶಿಕ್ಷಣದಲ್ಲಿ ತಕ್ಕ ಗೌರವ ದೊರೆತಿಲ್ಲವೆಂಬುದೇ ಈ ಲೇಖಕನ ದೂರು.

ಬೆಂಗಳೂರಿನ ಈ ಪೂರ್ವಭಾಗಕ್ಕೆ ದೂರಸಂಪರ್ಕವು ಹೊಸ ವಿದ್ಯೆಯಲ್ಲ. ಕೃಷ್ಣರಾಜಪುರದ ಬಳಿ ದೂರವಾಣಿ ನಗರದ ಟೆಲಿಫೋನ್ ಕಾರ್ಖಾನೆಯು 1948ರಲ್ಲಿಯೇ ಆರಂಭವಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಈ ಊರಿಗೆ ಬಂದು ಉಪಗ್ರಹದ ಮೂಲಕ ಹೊರನಾಡಿಗೆ ಸಂಪರ್ಕ ಬೆಸೆದಾಗ, ಅದರ ಆಂಟೆನಾ ಎತ್ತಿನ ಗಾಡಿಯ ಮೇಲೆ ಸಾಗಿತೆಂಬುದು ಪ್ರಸಿದ್ಧ ಸಂಗತಿ.

ಕೆಲವು ವರ್ಷಗಳ ಹಿಂದೆ ಕಚೇರಿಯೊಂದರ ಉಪಗ್ರಹ ಸಂಪರ್ಕವು ಕೆಡುತ್ತಿದೆಯೆಂದು ನನ್ನನ್ನು ಕರೆದಿದ್ದರು. ಮಾತು ನಡುನಡುವೆ ಟಕ್ಕೆಂದು ಕಡಿಯುತ್ತಿತ್ತು, ಅಂಕಿಗಳು ಕಲಸಿಹೋಗುತ್ತಿದ್ದವು. ಒಬ್ಬರು ಮಳೆಯನ್ನು ದೂರಿದರು, ಇನ್ನೊಬ್ಬರು ಉಪಗ್ರಹವನ್ನು; ಹೊಸ ಮೋಡೆಮ್ ಕೊಳ್ಳುವ ಆಲೋಚನೆಯೂ ನಡೆದಿತ್ತು. ನಾನು ಕೈಗಡಿಯಾರ ಹಿಡಿದು ಆಲಿಸಿದೆ. ಕಡಿತವು ಎರಡು ಮೂರು ಸೆಕೆಂಡುಗಳಿಗೊಮ್ಮೆ ತಾಳ ಹಾಕಿದಂತೆ ಬರುತ್ತಿತ್ತು. ಮಳೆಗೆ ಎಲ್ಲಿಯ ತಾಳ? ವಿಚಾರಿಸಲಾಗಿ, ಎರಡು ಊರುಗಳ ಮಲ್ಟಿಪ್ಲೆಕ್ಸರುಗಳೂ ತಂತಮ್ಮ ಗಡಿಯಾರವನ್ನೇ ನಂಬಿ ನಡೆದಿದ್ದವು.

ಮಲ್ಟಿಪ್ಲೆಕ್ಸರ್ ಎಂಬುದು ಹಲವರ ಮಾತನ್ನು ಸರದಿಯಂತೆ ಒಂದೇ ಪ್ರವಾಹದಲ್ಲಿ ಹರಿಯಿಸುವ ಯಂತ್ರ. ಸಾಮಾನ್ಯವಾದ ಒಂದು ಪ್ರವಾಹದಲ್ಲಿ ಸೆಕೆಂಡಿಗೆ 20,48,000 ಬಿಟ್‌ಗಳಿರುತ್ತವೆ. 256 ಬಿಟ್‌ಗಳದು ಒಂದು ಕಟ್ಟು. ಎರಡು ತುದಿಗಳ ಸ್ಫಟಿಕ ಗಡಿಯಾರಗಳಲ್ಲಿ ಲಕ್ಷಕ್ಕೆ ಐದರಷ್ಟೇ ಅಂತರವಿದೆಯೆನ್ನೋಣ. ಸೆಕೆಂಡಿಗೆ ಸುಮಾರು 102 ಬಿಟ್‌ಗಳು ಹೆಚ್ಚಾಗಿ ಬರುತ್ತವೆ ಇಲ್ಲವೆ ಸಾಲದೆ ಹೋಗುತ್ತವೆ. ಎರಡೂವರೆ ಸೆಕೆಂಡಿಗೊಮ್ಮೆ ಒಂದು ಕಟ್ಟೇ ಜಾರಿಹೋಗುತ್ತದೆ. ಲಕ್ಷ ಕೋಟಿಗೆ ಹತ್ತರಷ್ಟು ಮಾತ್ರ ತಪ್ಪುವ ಎರಡು ಪರಮಾಣು ಗಡಿಯಾರಗಳಿದ್ದರೆ ಇಂಥ ಜಾರುವಿಕೆ 72 ದಿನಗಳಿಗೊಮ್ಮೆ ಸಂಭವಿಸೀತು.

ಆದುದರಿಂದ ನಿಯಮವು ಸರಳ. ಒಂದು ತುದಿಯ ಗಡಿಯಾರವು ಯಜಮಾನನಾಗಬೇಕು. ಅಲ್ಲಿಯ ಮೋಡೆಮ್ ಆ ತಾಳಕ್ಕೇ ಕಳುಹಿಸಬೇಕು. ದೂರದ ಮೋಡೆಮ್, ಬಂದ ಸಂಕೇತದಿಂದಲೇ ತಾಳವನ್ನು ಹೆಕ್ಕಿ ತನ್ನ ಮಲ್ಟಿಪ್ಲೆಕ್ಸರಿಗೆ ಒಪ್ಪಿಸಬೇಕು. ಉತ್ತರವೂ ಅದೇ ತಾಳದಲ್ಲಿ ಹಿಂದಿರುಗಬೇಕು. ಇಬ್ಬರೂ ಯಜಮಾನರಾದರೆ ಜಗಳ. ಇಬ್ಬರೂ ಅನುಚರರಾದರೆ ದಾರಿ ತೋರುವವರೇ ಇಲ್ಲ.

ಉಪಗ್ರಹದ ದಾರಿಯಲ್ಲಿ ಇನ್ನೊಂದು ತೊಡಕುಂಟು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ನಾವು ಸ್ಥಿರವೆನ್ನುತ್ತೇವೆ. ಆದರೆ ಹಾಸನದ ನಿಯಂತ್ರಣ ಕೇಂದ್ರದಂಥವು ಎಷ್ಟೇ ಕಾದರೂ ಅದು ದಿನವೂ ತುಸು ಓಲಾಡುತ್ತದೆ. ಅದರಿಂದ ಹಾದಿಯು 30 ಕಿಲೋಮೀಟರ್ ಉದ್ದವಾದರೆ ಸುಮಾರು 205 ಬಿಟ್‌ಗಳು ಆಕಾಶದಲ್ಲಿಯೇ ಹೆಚ್ಚಾಗಿ ಉಳಿಯುತ್ತವೆ. ಈ ಏರಿಳಿತವನ್ನು ನುಂಗಲು ಯಜಮಾನನ ಬಳಿ ಬಿಟ್‌ಗಳನ್ನು ತುಂಬಿಟ್ಟುಕೊಳ್ಳುವ ತೊಟ್ಟಿಯೊಂದು ಬೇಕು. ಆ ಕಚೇರಿಯಲ್ಲಿ ತೊಟ್ಟಿಯೂ ಇತ್ತು. ಒಂದು ಗುಂಡಿಯನ್ನು ತಿರುಗಿಸಿದೊಡನೆ ತಾಳವು ನಿಂತಿತು. ಹೊಸ ಮೋಡೆಮ್ ಬೇಕಾಗಲಿಲ್ಲ.

ಇದೆಲ್ಲ ಹಳೆಯ ಯಂತ್ರಗಳ ಪುರಾಣ, ಇಂದಿನ ಅಂತರ್ಜಾಲಕ್ಕೆ ಏತಕ್ಕೆಂದು ಕೇಳುವವರುಂಟು. ಅವರು ಮನೆಯೆದುರಿನ ಮೊಬೈಲ್ ಗೋಪುರವನ್ನು ನೋಡಬೇಕು. ಒಂದೇ ಅಲೆಯ ಮೇಲೆ ಸರದಿಯಂತೆ ಕಳುಹಿಸಿ ಸ್ವೀಕರಿಸುವ 5ಜಿ ಗೋಪುರಗಳ ಗಡಿಯಾರಗಳು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂವರೆ ಪಾಲಿನೊಳಗೆ ಕೂಡಿ ನಡೆಯಬೇಕು. ಪ್ರಶ್ನೆಯು ಹಳತಾಗಿಲ್ಲ, ಸೂಕ್ಷ್ಮವಾಗಿದೆ.

ರಾಷ್ಟ್ರಕ್ಕೂ ಈ ಪ್ರಶ್ನೆ ಸಲ್ಲುತ್ತದೆ. 2013ರಲ್ಲಿ ಹಾರಿದ ನಮ್ಮ ಮೊದಲ ಪಥದರ್ಶಕ ಉಪಗ್ರಹದಲ್ಲಿ ಹೊರನಾಡಿನ ಮೂರು ಪರಮಾಣು ಗಡಿಯಾರಗಳಿದ್ದವು; ಕೆಲವೇ ವರ್ಷಗಳಲ್ಲಿ ಮೂರೂ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹವು ನಮ್ಮಲ್ಲಿಯೇ ನಿರ್ಮಿಸಿದ ರುಬಿಡಿಯಂ ಗಡಿಯಾರವನ್ನು ಹೊತ್ತಿತು. ಪರರ ಗಡಿಯಾರವನ್ನು ನಂಬಿ ನಡೆಯುವ ದೇಶಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ನನ್ನ ಬೇಡಿಕೆಗಳು ಎರಡೇ. ಪ್ರತಿಯೊಂದು ಸಂಪರ್ಕದ ದಾಖಲೆಯ ಮೊದಲ ಪುಟದಲ್ಲಿ ಯಜಮಾನ ಗಡಿಯಾರ ಯಾವುದೆಂದು ಬರೆದಿರಲಿ. ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಎರಡು ಗಡಿಯಾರಗಳನ್ನು ಬೇಕೆಂದೇ ಜಗಳಕ್ಕೆ ಬಿಟ್ಟು, ಆ ತಾಳವನ್ನು ಕಿವಿಯಾರೆ ಕೇಳಲಿ. ಒಮ್ಮೆ ಕೇಳಿದವರು ಮುಂದೆಂದೂ ಮಳೆಯನ್ನು ದೂರಲಾರರು.